ಶೀಟಿನ ಮನೆಗಳ ಸಾಲಿನಲ್ಲಿ ಹಸಿಕಸದಿಂದ ಗ್ಯಾಸ್ ಮಾಡಬಹುದಾ?

ನೀವು ಸುರತ್ಕಲ್ ಕಡೆ ಶೀಟಿನ ಬಾಡಿಗೆ ಮನೆಯಲ್ಲಿದ್ದೀರಿ, ಕಸದ ಗಾಡಿ ಒಳಗೆ ಬರುವುದಿಲ್ಲ. ಹಸಿಕಸದಿಂದ ಎಲ್ಲ ಮನೆಗೂ ಗ್ಯಾಸ್ ಆಗುತ್ತದಾ, ಸೋಲಾರ್ ಹಾಕಬಹುದಾ ಎಂದು ಕೇಳಿದ್ದೀರಿ.

ಗ್ಯಾಸ್ ಆಗುತ್ತದೆ. ಎಲ್ಲರಿಗೂ ಆಗುವುದಿಲ್ಲ. ನಾವು ಗದಗ ಕಡೆಯವರು, ಕೂಳೂರಿನ ಹತ್ತಿರ 12 ಮನೆಗಳ ಸಾಲಿನಲ್ಲಿದ್ದೇವೆ. ಮಾಡಿ ನೋಡಿಯೇ ಹೇಳುತ್ತಿದ್ದೇನೆ.

10 ಕೆಜಿ ಹಸಿಕಸಕ್ಕೆ ಹೆಚ್ಚುಕಡಿಮೆ 1 ಘನ ಮೀಟರ್ ಗ್ಯಾಸ್. ಅಂದರೆ ಅರ್ಧ ಕೆಜಿ ಸಿಲಿಂಡರ್ ಗ್ಯಾಸಿಗಿಂತಲೂ ಕಡಿಮೆ. ಕೂಲಿಯವರ ಮನೆಯಲ್ಲಿ ಅನ್ನ ಉಳಿಯುವುದೇ ಅಪರೂಪ, ಅಲ್ವಾ? ನಮ್ಮ ಇಡೀ ಸಾಲಿನಿಂದ ದಿನಕ್ಕೆ 6 ಕೆಜಿ ಸಿಕ್ಕರೆ ಜಾಸ್ತಿ. ಒಂದು ಒಲೆ ಒಂದೂವರೆ ಗಂಟೆ ಉರಿಯುತ್ತದೆ, ಅಷ್ಟೇ. ಸರದಿಯಲ್ಲಿ ಹಂಚಿಕೊಳ್ಳೋಣ ಎಂದು ಹೋಗಿ ಜಗಳವಾಯಿತು. ಈಗ ಮನೆಮನೆಯ ಕಸದ ಬಕೆಟ್ ತಂದು ಗ್ಯಾಸ್ ತೊಟ್ಟಿಗೆ ಹಾಕುವ ಅಕ್ಕನಿಗೇ ಪೂರ್ತಿ ಗ್ಯಾಸ್. ಉಳಿದವರಿಗೆ ಬಾಗಿಲ ಮುಂದಿನ ನಾತ, ನಾಯಿಕಾಟ ತಪ್ಪಿದೆ.

ಗುಂಡಿ ತೋಡಿ ಕಟ್ಟಿಸಬೇಡಿ. ಜಾಗ ನಮ್ಮದಲ್ಲ. ಇಲ್ಲಿಯವರು ಆಟಿ ಅನ್ನುವ ಜೋರು ಮಳೆಯ ತಿಂಗಳಲ್ಲಿ ಒಂದು ಮೊಳ ಅಗೆದರೂ ನೀರು. ನೆಲದ ಮೇಲೊಂದು ಪ್ಲಾಸ್ಟಿಕ್ ತೊಟ್ಟಿ, ಅದರೊಳಗೆ ಗ್ಯಾಸ್ ಹಿಡಿಯಲು ಬೋರಲಾಗಿ ತೇಲುವ ಇನ್ನೊಂದು ಸಾಕು. ಜಾಗ ಬಿಡಿಸಿದರೆ ಖಾಲಿ ಮಾಡಿ ಹೊತ್ತುಕೊಂಡು ಹೋಗಬಹುದು.

ಮೊದಲು ಯಾರದಾದರೂ ದನದ ಹಟ್ಟಿಯಿಂದ ಸೆಗಣಿ ತಂದು ನೀರಿನಲ್ಲಿ ಕದಡಿ ತುಂಬಿಸಿ. ಎರಡು ಮೂರು ವಾರ ಬಿಡಿ. ಶುರುವಿನ ಗ್ಯಾಸ್ ಹತ್ತಿಕೊಳ್ಳುವುದಿಲ್ಲ, ಹೊರಗೆ ಬಿಟ್ಟುಬಿಡಿ. ನಾವು ಒಮ್ಮೆ ಸೀಮಂತದ ಊಟದಲ್ಲಿ ಉಳಿದ ಅನ್ನವನ್ನೆಲ್ಲ ಒಂದೇ ದಿನ ಸುರಿದೆವು. ತೊಟ್ಟಿಗೆ ಹುಳಿ ಬಂತು, ಮೂರು ವಾರ ಒಲೆ ಹತ್ತಲಿಲ್ಲ. ಮತ್ತೆ ಸೆಗಣಿಯಿಂದಲೇ ಶುರು. ನಿಂಬೆ ಸಿಪ್ಪೆ, ತೆಂಗಿನ ಗೆರಟೆ ಹಾಕಬೇಡಿ. ಬೂತಾಯಿ ಮೀನಿನ ತಲೆ ಸ್ವಲ್ಪ ಪರವಾಗಿಲ್ಲ. ಜಾಸ್ತಿಯಾದರೆ ಅಮೋನಿಯಾ ಏರಿ ಗ್ಯಾಸ್ ಕಡಿಮೆಯಾಗುತ್ತದೆ.

ಇಷ್ಟು ಕಷ್ಟ ಯಾಕೆ ಅಂತ ನಮ್ಮಲ್ಲೂ ಕೇಳಿದರು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಗುಡ್ಡ ಜಾರಿ ಪಕ್ಕದ ಮಂದಾರ ಎಂಬಲ್ಲಿನ ಮನೆ, ಅಡಿಕೆ ತೋಟಗಳ ಮೇಲೆ ಬಂದಿತ್ತಲ್ಲ, ಅದನ್ನು ನೆನಪಿಸಿದೆ.

ಇನ್ನು ಸೋಲಾರ್. ಚಾವಣಿ ಸೋಲಾರಿಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯ ಘರ್ ಸಬ್ಸಿಡಿಗೆ ಸ್ವಂತ ಮನೆ, ಕರೆಂಟ್ ಕನೆಕ್ಷನ್ ಬೇಕು. ನಮಗೆ ಅದು ದೂರದ ಮಾತು. ಸಣ್ಣ ಪ್ಯಾನೆಲ್, ಬ್ಯಾಟರಿ, ಎರಡು ಬಲ್ಬಿನ ಸೆಟ್ ಸಾಕು. ಶೀಟಿಗೆ ತೂತು ಹೊಡೆಯಬೇಡಿ, ಮಳೆಗಾಲದಲ್ಲಿ ಸೋರುತ್ತದೆ. ನಾವು ಪ್ಯಾನೆಲ್ಲನ್ನು ಬಿದಿರಿನ ಕಂಬಕ್ಕೆ ಕಟ್ಟಿದ್ದೇವೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಂದೇ ಬಲ್ಬ್, ಅದೂ ಮಕ್ಕಳು ಓದುವ ಹೊತ್ತಿಗೆ. ಮೊಬೈಲ್ ಚಾರ್ಜಿಗೆ ಆಗ ಎದುರಿನ ಅಂಗಡಿಯೇ ಗತಿ.