ಓದುಗರ ಪ್ರಶ್ನೆ, ನಮ್ಮ ಉತ್ತರ: ಬಂಡಿದಾರಿಗೆ ಬೈಕ್ ಹೊಂದಿಸುವುದು

ಅಡ್ವೆಂಚರ್ ಬೈಕ್‌ಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಗೆಳೆಯರೆಲ್ಲ ಹಿಂದಿನ ಚಕ್ರದ ಎರಡೂ ಬದಿಗೆ ಲೋಹದ ಪ್ಯಾನಿಯರ್ ಪೆಟ್ಟಿಗೆ, ಟಾಪ್ ಬಾಕ್ಸ್, ದೊಡ್ಡ ಕ್ರ್ಯಾಶ್ ಗಾರ್ಡ್ ಹಾಕಿಸಿದ್ದಾರೆ. ನನ್ನ ಕೈಯಲ್ಲಿ 25 ಸಾವಿರ ರೂಪಾಯಿ ಇದೆ. ಯಾವುದರಿಂದ ಶುರು ಮಾಡಲಿ? (ಗೌರಿಬಿದನೂರು)

ಪೆಟ್ಟಿಗೆಗಳಿಂದ ಮಾತ್ರ ಬೇಡ. ನಿಮ್ಮ ಬೈಕು ಹೊರಡುವ ಸ್ಥಿತಿಯಲ್ಲೇ 199 ಕೆ.ಜಿ. ತೂಗುತ್ತದೆ. ಲೋಹದ ಪೆಟ್ಟಿಗೆ, ಅದರ ಸ್ಟ್ಯಾಂಡು, ಟಾಪ್ ಬಾಕ್ಸ್ ಎಲ್ಲ ಸೇರಿದರೆ ಖಾಲಿಯಿದ್ದರೂ ಹತ್ತು ಹದಿನೈದು ಕೆ.ಜಿ. ಹೆಚ್ಚುತ್ತದೆ. ಆ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಮತ್ತು ಅದರ ಹಿಂದೆ ಬೀಳುತ್ತದೆ. ಗರಸು ಮಣ್ಣಿನ ಏರು ಹತ್ತುವಾಗ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳದಿರುವುದು ಇದರಿಂದಲೇ. ಇನ್ನೊಂದು ಅಪಾಯವೂ ಇದೆ. ಬೈಕು ವಾಲಿದಾಗ ಕಾಲೂರಿದರೆ, ಪೆಟ್ಟಿಗೆ ಹಿಂದಿನಿಂದ ಬಂದು ಮೀನಖಂಡಕ್ಕೆ ಹೊಡೆಯುತ್ತದೆ. ಬಟ್ಟೆಯ ಸ್ಯಾಡಲ್ ಬ್ಯಾಗ್ ಆದರೆ ಕಾಲು ಮುರಿಯುವ ಭಯ ಬಹಳ ಕಡಿಮೆ.

ಮೊದಲು ಟೈರ್ ಬದಲಿಸಿ. ಅಳತೆ ಕಂಪನಿಯದೇ ಇರಲಿ: ಮುಂದೆ 90/90-21, ಹಿಂದೆ 120/90-17. ಆಮೇಲೆ ಎಂಜಿನ್ ಕೆಳಗಿನ ಬ್ಯಾಶ್ ಪ್ಲೇಟ್, ಬ್ರೇಕ್, ಕ್ಲಚ್ ಲಿವರ್ ಉಳಿಸುವ ಹ್ಯಾಂಡ್ ಗಾರ್ಡ್. ಉಳಿದ ದುಡ್ಡಿಗೆ ಬ್ಯಾಗ್.

ಇದಕ್ಕೆಲ್ಲ ಮುಂಚೆ ದುಡ್ಡೇ ಬೇಡದ ಕೆಲಸವೊಂದಿದೆ, ಹಿಂದಿನ ಶಾಕ್ ಅಬ್ಸಾರ್ಬರನ್ನು ನಿಮ್ಮ ತೂಕಕ್ಕೆ ಹೊಂದಿಸುವುದು. ಬಹುಪಾಲು ಜನ ಇದನ್ನು ಮಾಡುವುದೇ ಇಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಯಾವುದಾದರೂ ಬೋಲ್ಟ್‌ವರೆಗೆ ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಸ್ಟ್ಯಾಂಡ್ ತೆಗೆದು, ಹೆಲ್ಮೆಟ್, ಜಾಕೆಟ್, ಬೂಟು ಸಮೇತ ಕೂತು ಎರಡು ಸಲ ಮೇಲೆ ಕೆಳಗೆ ಕುಲುಕಿ, ಅದೇ ಎರಡು ಬಿಂದುಗಳ ನಡುವೆ ಇನ್ನೊಬ್ಬರಿಂದ ಅಳೆಸಿ. ಎರಡು ಅಳತೆಗಳ ವ್ಯತ್ಯಾಸ ಚಕ್ರದ ಒಟ್ಟು ಮೇಲೆ-ಕೆಳಗಿನ ಚಲನೆಯ ಶೇ. 30ರಷ್ಟಿರಬೇಕು. 411ರಲ್ಲಿ ಹಿಂದಿನ ಚಕ್ರದ ಚಲನೆ 180 ಮಿ.ಮೀ., ಹಾಗಾಗಿ 50ರಿಂದ 60 ಮಿ.ಮೀ. ಸರಿ. ಅದಕ್ಕಿಂತ ಹೆಚ್ಚು ಕುಸಿದರೆ ಸಿ-ಸ್ಪ್ಯಾನರ್‌ನಿಂದ ಸ್ಪ್ರಿಂಗ್ ಮೇಲಿನ ರಿಂಗ್ ಬಿಗಿಮಾಡಿ ಮತ್ತೆ ಅಳೆಯಿರಿ. ಕೂತಾಗ ಅಳತೆ ಸರಿಬಂದು, ಇಳಿದಾಗ ಬೈಕು ತನ್ನ ಭಾರಕ್ಕೆ ಸ್ವಲ್ಪವೂ ಕುಸಿಯದಿದ್ದರೆ ಆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದುವಾಯಿತೆಂದು ಅರ್ಥ. ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ, ಗಟ್ಟಿ ಸ್ಪ್ರಿಂಗೇ ಬೇಕು. ಲಗೇಜ್ ಹೇರಿದ ದಿನ ಮತ್ತೊಮ್ಮೆ ಅಳೆಯಿರಿ.

ಹೆಡ್‌ಲೈಟ್ ವೈರಿನಿಂದಲೇ ಕವಲು ತೆಗೆದು 40 ವ್ಯಾಟ್‌ನ ಎರಡು ಎಲ್‌ಇಡಿ ಲೈಟ್ ಹಾಕಿಸಿದ್ದೆ. ಈಗ ಫ್ಯೂಸ್ ಪದೇ ಪದೇ ಹೋಗುತ್ತಿದೆ, ಹ್ಯಾಂಡಲ್‌ನ ಸ್ವಿಚ್ ಬಿಸಿಯಾಗುತ್ತದೆ. ದೊಡ್ಡ ಫ್ಯೂಸ್ ಹಾಕಬಹುದೆ? (ಶಿರಾ)

ಖಂಡಿತ ಬೇಡ. ಫ್ಯೂಸ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ. 60 ವ್ಯಾಟ್ ಬಲ್ಬಿಗೆ 5 ಆಂಪಿಯರ್ ಸಾಕು. ಅದರ ಮೇಲೆ 80 ವ್ಯಾಟ್ ಹೇರಿದಾಗ ಅದೇ ತೆಳು ವೈರು, ಅದೇ ಸ್ವಿಚ್ಚು ಸುಮಾರು 12 ಆಂಪಿಯರ್ ಹೊರಬೇಕು. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸಿನ ಬದಲು ವೈರು ಸುಡುತ್ತದೆ.

ಕವಲು ಕಿತ್ತುಹಾಕಿ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ 12 ವೋಲ್ಟ್‌ನ ನಾಲ್ಕು ಪಿನ್ ರಿಲೇ ತನ್ನಿ. ಬ್ಯಾಟರಿ ಪ್ಲಸ್‌ನಿಂದ 10 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್‌ಗೆ, 87ರಿಂದ ಲೈಟಿಗೆ, ಲೈಟಿನ ಮೈನಸ್ ನೇರ ಬ್ಯಾಟರಿಗೆ. ಈ ದಾರಿಗೆಲ್ಲ ಕನಿಷ್ಠ 1.5 ಚದರ ಮಿ.ಮೀ. ವೈರು. ಫ್ಯೂಸ್ ಬ್ಯಾಟರಿಗೆ ಗೇಣುದ್ದದೊಳಗೇ ಇರಲಿ, ಇಲ್ಲದಿದ್ದರೆ ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರು ಉಜ್ಜಿ ಶಾರ್ಟ್ ಆದಾಗ ಕಾಪಾಡುವವರಿಲ್ಲ. 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದ ಸ್ವಿಚ್ ಮೂಲಕ, 85 ಅರ್ಥ್‌ಗೆ. 86ನ್ನು ಬ್ಯಾಟರಿಗೇ ಜೋಡಿಸಿದರೆ, ಸ್ವಿಚ್ ಮರೆತ ರಾತ್ರಿ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಕುಳಿತಿರುತ್ತದೆ.

ಕೊನೆಗೆ ಮಲ್ಟಿಮೀಟರ್ ಹಿಡಿದು ಪರೀಕ್ಷಿಸಿ. ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿರುವಾಗ ಎಲ್ಲ ಲೈಟ್ ಹೊತ್ತಿಸಿಯೂ ಬ್ಯಾಟರಿಯಲ್ಲಿ 13.5 ವೋಲ್ಟ್‌ಗಿಂತ ಮೇಲಿದ್ದರೆ ನೆಮ್ಮದಿ. 13ಕ್ಕಿಂತ ಕೆಳಗಿಳಿದರೆ ಚಾರ್ಜಿಂಗ್ ಸಾಲುತ್ತಿಲ್ಲ, ಲೈಟು ಚಿಕ್ಕದಾಗಬೇಕು.

ಕೆರೆಯಂಗಳಗಳಲ್ಲಿ ಓಡಿಸುತ್ತೇವೆ. ಜಾಲಿ ಮುಳ್ಳಿನ ಪಂಕ್ಚರ್ ಸರಿ, ಆದರೆ ಹಿಂದಿನ ಟ್ಯೂಬು ವಾಲ್ವ್ ಬುಡದಲ್ಲೇ ಎರಡು ಸಲ ಹರಿಯಿತು. ಟ್ಯೂಬ್ ಕಳಪೆಯೆ? (ಮುಳಬಾಗಿಲು)

ಟ್ಯೂಬಿನ ತೂತು ನೋಡಿದರೆ ಕಾರಣ ತಿಳಿಯುತ್ತದೆ. ಸೂಜಿಮೊನೆಯ ಒಂದೇ ತೂತು, ಟೈರಿನ ನೆಲ ತಾಕುವ ಭಾಗಕ್ಕೆ ಎದುರಾಗಿದ್ದರೆ ಮುಳ್ಳು. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳಿದ್ದರೆ, ಗಾಳಿ ಕಡಿಮೆಯಿದ್ದು ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿದೆ. ವಾಲ್ವ್ ಬುಡದಲ್ಲಿ ಹರಿದಿದ್ದರೆ, ಗಾಳಿ ಕಡಿಮೆಯಾಗಿ ಟೈರ್ ರಿಮ್ಮಿನ ಮೇಲೆ ಜಾರಿದೆ. ಆಕ್ಸಿಲರೇಟರ್ ಕೊಟ್ಟಾಗ ಚಕ್ರ ತಿರುಗುತ್ತದೆ, ಟೈರ್ ಹಿಂದುಳಿಯುತ್ತದೆ, ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಇದರಲ್ಲಿ ಟ್ಯೂಬಿನ ತಪ್ಪಿಲ್ಲ.

ಮಣ್ಣಿಗೆ ಇಳಿಯುವಾಗ ಗಾಳಿ ಇಳಿಸುವುದು ಒಳ್ಳೆಯದೇ, ಆದರೆ ಟ್ಯೂಬ್ ಟೈರಿನಲ್ಲಿ ಮುಂದೆ 20, ಹಿಂದೆ 24 ಪಿಎಸ್‌ಐಗೆ ನಿಲ್ಲಿಸಿ. ಇದಕ್ಕೂ ಇಳಿಸುವುದಾದರೆ ಹಿಂದಿನ ಚಕ್ರಕ್ಕೆ, ಟೈರನ್ನು ರಿಮ್ಮಿಗೆ ಕಚ್ಚಿ ಹಿಡಿಯುವ ರಿಮ್ ಲಾಕ್ ಬೇಕು. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ, ಮೇಲಕ್ಕೆ ತಂದು ಡಸ್ಟ್ ಕ್ಯಾಪಿಗೆ ತಾಗಿಸಿಡಿ. ಆಗ ಟೈರ್ ಜಾರಿದರೆ ವಾಲ್ವ್ ಓರೆಯಾಗಿ ಕಾಣುತ್ತದೆ, ಹರಿಯುವ ಮೊದಲೇ ಸರಿಪಡಿಸಬಹುದು. ಡಾಂಬರಿಗೆ ಬಂದ ಕೂಡಲೇ ಮ್ಯಾನುಯಲ್‌ನಲ್ಲಿರುವಷ್ಟು ಗಾಳಿ ತುಂಬಿ.

ಜಾಲಿ ಮುಳ್ಳು ಟೈರಿನೊಳಗೆ ಮುರಿದು ಉಳಿಯುತ್ತದೆ. ಹೊಸ ಟ್ಯೂಬ್ ಹಾಕುವ ಮೊದಲು ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ. ಎಳೆ ಸಿಕ್ಕಿಕೊಂಡ ಕಡೆ ಮೊನೆ ಇರುತ್ತದೆ, ಕಟಿಂಗ್ ಪ್ಲೈಯರ್‌ನಿಂದ ಕೀಳಿ. ಟ್ಯೂಬಿಗೆ ಪೌಡರ್ ಹಚ್ಚಿ, ಸ್ವಲ್ಪವೇ ಗಾಳಿ ತುಂಬಿ ಕೂರಿಸಿ. ಟೈರಿನ ಅಂಚನ್ನು ಕೊನೆಯದಾಗಿ ವಾಲ್ವ್ ಇರುವಲ್ಲಿ ಒಳಸೇರಿಸಿ, ಎದುರು ಬದಿಯ ಅಂಚನ್ನು ಮೊಣಕಾಲಿನಿಂದ ರಿಮ್ಮಿನ ನಡುಗುಳಿಗೆ ಒತ್ತಿ ಹಿಡಿದಿರಿ. ಟೈರ್ ಲಿವರ್‌ನಿಂದ ಬಲ ಹಾಕಬೇಕಾದರೆ ಆ ಅಂಚು ಗುಳಿಯಲ್ಲಿಲ್ಲವೆಂದೇ ಲೆಕ್ಕ. ಒಂದೇ ಟ್ಯೂಬ್ ಒಯ್ಯುವುದಾದರೆ 21 ಇಂಚಿನದು ಒಯ್ಯಿರಿ. ತುರ್ತಿಗೆ ಅದನ್ನು 17ರ ಚಕ್ರದಲ್ಲೂ ಮಡಚಿ ಕೂರಿಸಿ ನಿಧಾನಕ್ಕೆ ಊರು ಸೇರಬಹುದು.

ಕೆ.ಸಿ. ವ್ಯಾಲಿ ಯೋಜನೆಯ (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ) ನೀರು ಬರುವ ಕೆರೆಗಳ ಅಂಗಳದಲ್ಲಿ ಬೇಸಿಗೆಯಲ್ಲೂ ಮೇಲೆ ಬಿರುಕುಬಿಟ್ಟ ಪದರ, ಕೆಳಗೆ ಹಸಿ ಹೂಳು ಇರಬಹುದು. ಇಳಿದು ಹಿಮ್ಮಡಿಯಿಂದ ಗುದ್ದಿ ನೋಡಿ ಮುಂದುವರಿಯಿರಿ.

ಹೀರೋ ಎಕ್ಸ್‌ಪಲ್ಸ್ 200ಕ್ಕೆ ಮುಂದಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಚಕ್ರ) ಒಂದು ಹಲ್ಲು ಕಡಿಮೆ ಹಾಕಿದರೆ ಲಾಭವಿದೆಯೆ? (ಚಿಂತಾಮಣಿ)

ಬೆಟ್ಟದ ದಾರಿಯಲ್ಲಿ, ಇಬ್ಬರು ಕೂತಾಗ, ಇದೆ. ಮುಂದೆ ಒಂದು ಹಲ್ಲು ಇಳಿಸುವುದು ಹಿಂದೆ ಸುಮಾರು ಮೂರು ಹಲ್ಲು ಏರಿಸಿದ್ದಕ್ಕೆ ಸಮ. ಆದರೆ ಹೈವೇಯಲ್ಲಿ ಅದೇ ವೇಗಕ್ಕೆ ಎಂಜಿನ್ ಸುಮಾರು ಶೇ. 8ರಷ್ಟು ಹೆಚ್ಚು ಸುತ್ತುತ್ತದೆ, ಪೆಟ್ರೋಲೂ ಹೆಚ್ಚು. ಚಿಕ್ಕ ಸ್ಪ್ರಾಕೆಟ್ ಸುತ್ತ ಚೈನ್ ಹೆಚ್ಚು ಬಾಗುವುದರಿಂದ ಬೇಗ ಸವೆಯುತ್ತದೆ. ವಾರವೆಲ್ಲ ಬೆಂಗಳೂರಿಗೆ ಓಡಾಡುವವರು ಕೈಹಾಕದಿರುವುದೇ ಲೇಸು.

ಎಂಜಿನ್ ಬೋರ್ (ಸಿಲಿಂಡರಿನ ಒಳವ್ಯಾಸ) ಹೆಚ್ಚಿಸಿದರೆ ಆರ್‌ಟಿಒ ತೊಂದರೆ ಇದೆಯೆ? (ಬಂಗಾರಪೇಟೆ)

ಇದೆ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. 182ಎ(4) ಕಲಂ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮೆಯೂ ಕೈಕೊಡಬಹುದು.

ಹತ್ತು ಜನ ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಮೂಲಕ ಪಾವಗಡಕ್ಕೆ ಹೊರಟಿದ್ದೇವೆ, ನಡುವೆ ಮಣ್ಣಿನ ದಾರಿಯೂ ಇದೆ. ಎಲ್ಲರೂ ಚದುರಿಹೋಗದಂತೆ ಏನು ಮಾಡಬೇಕು? (ತುಮಕೂರು)

ಐದೈದರ ಎರಡು ತಂಡ ಮಾಡಿ. ದಾರಿ ಬಲ್ಲವರು ಮುಂದೆ. ರಿಪೇರಿ ಬಲ್ಲವರು, ಟ್ಯೂಬ್, ಪಂಪು, ಪ್ರಥಮ ಚಿಕಿತ್ಸೆಯ ಕಿಟ್ಟಿನೊಂದಿಗೆ ಕೊನೆಗೆ. ಹೊಸಬರು ಮುಂದಾಳಿನ ಹಿಂದೆಯೇ ಇರಲಿ, ಕೊನೆಯಲ್ಲಿ ಬಿಟ್ಟರೆ ಅಂತರ ಮುಚ್ಚಲು ಮೀರಿ ಓಡಿಸುತ್ತಾರೆ.

ತಿರುವು ಬಂದಾಗ ಮುಂದಾಳು ಕೈ ತೋರಿಸುತ್ತಾರೆ, ಅವರ ಹಿಂದಿನವರು ಅಲ್ಲೇ ಬದಿಗೆ ನಿಲ್ಲುತ್ತಾರೆ. ಎಲ್ಲರಿಗೂ ದಾರಿ ತೋರಿಸಿ, ಕೊನೆಯವರು ಕಂಡಾಗ ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿಗೆ ಆಗ ಎರಡನೆಯವರಾಗಿರುವವರ ಸರದಿ. ಇಷ್ಟು ಪಾಲಿಸಿದರೆ ಮಣ್ಣಿನ ದಾರಿಯಲ್ಲಿ ಧೂಳು ಕೂರುವಷ್ಟು ಅಂತರ ಬಿಟ್ಟರೂ ಯಾರೂ ತಪ್ಪುವುದಿಲ್ಲ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಬೇಕಿಲ್ಲ. ಡಾಂಬರಿನಲ್ಲಿ ಎಡ-ಬಲ ಎರಡು ಜಾಡಿನಲ್ಲಿ, ಮುಂದೆ ಹೋಗುತ್ತಿರುವವರಿಂದ ಎರಡು ಸೆಕೆಂಡ್ ಬಿಟ್ಟು ಹೋಗಿ. ತಿರುವುಗಳಲ್ಲಿ ಒಂದೇ ಸಾಲು.

ದೇವರಾಯನದುರ್ಗದ ಕಾಡಿನೊಳಗಿನ ದಾರಿಗಳಿಗೆ, ಮಧುಗಿರಿ ತಾಲ್ಲೂಕು ಮೈದನಹಳ್ಳಿಯ ಕೃಷ್ಣಮೃಗ ಮೀಸಲು ಹುಲ್ಲುಗಾವಲಿಗೆ ಬೈಕು ಇಳಿಸಲೇಬೇಡಿ. ಜಿಂಕೆಗಳು ಬೆದರಿ ಓಡುತ್ತವೆ, ನಿಮ್ಮ ಮೇಲೆ ಅರಣ್ಯ ಇಲಾಖೆ ಕೇಸು ಹಾಕುತ್ತದೆ. ಹೊಲದ ಬದುಗಳೂ ಬೇಡ, ಬಂಡಿದಾರಿ ಸಾಕು.

ಸುಗ್ಗಿಯಲ್ಲಿ ಹೋಗುವುದಾದರೆ ರಸ್ತೆಗೆ ಹಾಸಿದ ಹುರುಳಿ, ರಾಗಿಯ ಬಗ್ಗೆ ಎಲ್ಲರಿಗೂ ಮೊದಲೇ ಹೇಳಿ. ಅದರ ಮೇಲೆ ಬ್ರೇಕ್ ಹಿಡಿದರೆ ಟೈರಿಗೆ ರಸ್ತೆಯೇ ಸಿಗುವುದಿಲ್ಲ. ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರವಿಟ್ಟು, ಒಂದೇ ಹದದಲ್ಲಿ ದಾಟಿ. ಹುರುಳಿ ಬಳ್ಳಿ ಹಿಂದಿನ ಹಬ್ಬಿಗೂ ಚೈನಿಗೂ ಸುತ್ತಿಕೊಳ್ಳುತ್ತದೆ. ಬ್ಯಾಶ್ ಪ್ಲೇಟಿಗೂ ಬಿಸಿ ಸೈಲೆನ್ಸರ್ ಪೈಪಿಗೂ ನಡುವೆ ಸಿಕ್ಕಿದ ಒಣ ಹುಲ್ಲು ಹೊಗೆಯಾಡಿ ಹೊತ್ತಿಕೊಳ್ಳುತ್ತದೆ. ದಾಟಿದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡಿ, ಕೈಗವಸು ಹಾಕಿಕೊಂಡು ಅಥವಾ ಕಡ್ಡಿಯಿಂದ ಎಳೆದು ತೆಗೆಯಿರಿ.