ಕಾನೂನು ಕೇಳಿ: ವರ್ಷದ ಸದಸ್ಯತ್ವದ ಮೇಲೆ ಕ್ಲಿನಿಕ್ ನಡೆಸಬಹುದೇ?

ಪ್ರಶ್ನೆ: ನಾನು ಎಂಬಿಬಿಎಸ್ ವೈದ್ಯೆ, ನೋಂದಣಿ ಕರ್ನಾಟಕದ್ದು. ಕೇರಳದ ಬದಿಯಡ್ಕದಲ್ಲಿ ಬಾಡಿಗೆ ಕಟ್ಟಡ ಹಿಡಿದು ಎರಡು ಮಂಚ, ಸಣ್ಣ ಲ್ಯಾಬ್ ಇಟ್ಟು ಕ್ಲಿನಿಕ್ ತೆರೆಯುವವಳಿದ್ದೇನೆ. ಒಂದು ಮನೆಗೆ ವರ್ಷಕ್ಕೆ 6,000 ರೂಪಾಯಿ. ಎಷ್ಟು ಸಲ ಬಂದರೂ ಫೀಸಿಲ್ಲ. ಸದಸ್ಯರು ಆಸ್ಪತ್ರೆ ಸೇರಿದರೆ 20,000ದವರೆಗೆ ನಾವೇ ಕೊಡುವ ಯೋಚನೆಯೂ ಇದೆ. ಏನೇನು ಪರವಾನಗಿ ಬೇಕು?
– ಓದುಗರು, ಬದಿಯಡ್ಕ

ಉತ್ತರ: ಆ ಇಪ್ಪತ್ತು ಸಾವಿರದ ಯೋಚನೆಯನ್ನು ಮೊದಲು ಕೈಬಿಡಿ. ಬಂದರೂ ಬರಬಹುದಾದ ಖರ್ಚನ್ನು ಮುಂಗಡ ಹಣ ಪಡೆದು ಭರಿಸುತ್ತೇನೆಂದು ಒಪ್ಪಿದರೆ ಅದು ವಿಮೆ. 1938ರ ವಿಮಾ ಕಾಯ್ದೆಯಂತೆ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ನೋಂದಣಿಯಿಲ್ಲದೆ ವಿಮೆ ನಡೆಸುವಂತಿಲ್ಲ. ಕಾಗದದಲ್ಲಿ ‘ಸಹಾಯಧನ’ ಎಂದು ಬರೆದರೂ ಉಳಿಗಾಲವಿಲ್ಲ, ನೋಡುವುದು ವ್ಯವಹಾರವನ್ನು. ನೀವು ಮಾರಬಹುದಾದದ್ದು ನಿಮ್ಮ ಸಮಯ ಮತ್ತು ನಿಮ್ಮ ಕ್ಲಿನಿಕ್‌ನಲ್ಲೇ ಆಗುವ ಕೆಲಸ, ಅಷ್ಟೆ.

‘ಎಷ್ಟು ಸಲ ಬಂದರೂ’ ಎಂಬುದಕ್ಕೂ ಮಿತಿ ಹಾಕಿ. ನಾಲ್ವರ ಮನೆಗೆ ವರ್ಷಕ್ಕೆ 24 ಭೇಟಿ, ತಲಾ ಎರಡು ಸಲ ಬಿಪಿ–ಶುಗರ್ ಪರೀಕ್ಷೆ, ಹೀಗೆ ಎಣಿಸಿ ಬರೆಯಿರಿ. ಔಷಧಿ, ಸ್ಕ್ಯಾನ್, ತಜ್ಞರ ಫೀಸು, ಆಸ್ಪತ್ರೆ ವಾಸ ಇದರಲ್ಲಿ ಸೇರಿಲ್ಲ ಎಂಬುದು ಸಹಿಯ ಮೇಲೆಯೇ ದಪ್ಪಕ್ಷರದಲ್ಲಿರಲಿ. ಜಗಳ ಹುಟ್ಟುವುದು ಹೆಚ್ಚಾಗಿ ನಡುವೆ ಬಿಟ್ಟು ಹೋಗುವವರ ಹಣದಲ್ಲಿ. ನಾಲ್ಕು ತಿಂಗಳಿಗೆ ಬಿಟ್ಟವರಿಗೆ ಉಳಿದ ಎಂಟು ತಿಂಗಳ 4,000 ರೂಪಾಯಿ ಮರಳಿಸುವ ಲೆಕ್ಕವನ್ನು ಕರಾರಿನಲ್ಲೇ ಕಾಣಿಸಿ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಕಾಯ್ದೆ ಅನ್ಯಾಯದ ಕರಾರನ್ನೂ ಪ್ರಶ್ನಿಸಲು ಬಿಡುತ್ತದೆ. ‘ಕಟ್ಟಿದ ಹಣ ಮರಳಿಸುವುದಿಲ್ಲ’ ಎಂಬ ರಬ್ಬರ್ ಸ್ಟ್ಯಾಂಪ್ ನಿಮ್ಮನ್ನು ಕಾಯದು.

ಇನ್ನು ಪರವಾನಗಿ. ಕರ್ನಾಟಕ ಮಂಡಳಿಯಿಂದ ಎನ್‌ಒಸಿ ತರಿಸಿಕೊಂಡು ತಿರುವನಂತಪುರದ ವೈದ್ಯಕೀಯ ಮಂಡಳಿಯಲ್ಲಿ ನೋಂದಾಯಿಸಿ. ಬೋರ್ಡು ಬರೆಸುವ ಮೊದಲೇ ಇದಾಗಬೇಕು. ಮಂಗಳೂರಿನ ಸ್ನೇಹಿತರು ಹೇಳುವ ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಗಡಿಯ ತಲಪಾಡಿ ದಾಟುವುದಿಲ್ಲ. ಇಲ್ಲಿರುವುದು 2018ರ ಕೇರಳ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ. ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ. ಅರ್ಜಿಯಲ್ಲಿ ಲ್ಯಾಬನ್ನು ಮರೆಮಾಚಬೇಡಿ, ಅಲ್ಲಿ ಅರ್ಹ ತಂತ್ರಜ್ಞರೇ ಇರಬೇಕು. ದರಪಟ್ಟಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಎದುರಿಗೇ ಕಾಣಬೇಕು, ಸದಸ್ಯತ್ವದ ದರವನ್ನೂ ಅದರಲ್ಲೇ ಸೇರಿಸಿ. ಕೆಳಗೆ ಕನ್ನಡದಲ್ಲೂ ಬರೆಸಿದರೆ ಬದಿಯಡ್ಕದ ಅಜ್ಜಿಯರಿಗೆ ಉಪಕಾರ. ಪಂಚಾಯತ್ ಕಚೇರಿಯಲ್ಲಿ ಕಟ್ಟಡದ ಬಳಕೆ ಯಾವ ವರ್ಗದಲ್ಲಿದೆಯೆಂದು ಬಾಡಿಗೆ ಕರಾರಿಗೆ ಮೊದಲೇ ವಿಚಾರಿಸಿ. ಅಂಗಡಿಯೆಂದಿದ್ದರೆ ಅರ್ಜಿ ಅಲ್ಲೇ ಕೂರುತ್ತದೆ.

ಸೂಜಿ, ಹತ್ತಿ ಮನೆಯ ಕಸಕ್ಕೆ ಹೋಗಕೂಡದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಕಸ ಒಯ್ಯುವ ಸಂಸ್ಥೆಯೊಡನೆ ಒಪ್ಪಂದವೂ ಬೇಕು. ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಸೂಜಿ ಚುಚ್ಚಿಹೋಗದ ಬಿಳಿ ಡಬ್ಬಕ್ಕೆ, ಐವಿ ಟ್ಯೂಬು ಕೆಂಪಿಗೆ, ಗಾಜಿನ ಬಾಟಲಿ ನೀಲಿಗೆ. ಸಂಸ್ಕರಿಸದ ಕಸ 48 ಗಂಟೆ ಮೀರಿ ಉಳಿಯಬಾರದು.

ಪ್ರಶ್ನೆ: ನಮ್ಮ ಕ್ಲಿನಿಕ್‌ನಲ್ಲಿ ಸದಸ್ಯರಿಗೆ ಮಾತ್ರೆಯನ್ನೂ ನಾವೇ ಕೊಡಬಹುದೇ? ಸದಸ್ಯರನ್ನು ಕರೆತಂದವರಿಗೆ ಕಮಿಷನ್?
– ಓದುಗರು, ಉಪ್ಪಳ

ಉತ್ತರ: ನಿಮ್ಮದೇ ರೋಗಿಗೆ ಕೊಡಬಹುದು, 1945ರ ಔಷಧ ನಿಯಮಗಳ ‘ಕೆ’ ಅನುಸೂಚಿ ಅದಕ್ಕೆ ವಿನಾಯಿತಿ ಕೊಡುತ್ತದೆ. ಬೇರೆ ವೈದ್ಯರ ಚೀಟಿಗೆ ಕೌಂಟರಿನಲ್ಲಿ ಮಾರಿದರೆ ಅದು ಔಷಧಿ ಅಂಗಡಿ, ಲೈಸೆನ್ಸ್ ಬೇಕು. ಖರೀದಿ ಬಿಲ್ಲುಗಳನ್ನು ಎಸೆಯಬೇಡಿ.

ಕಮಿಷನ್ ಖಂಡಿತ ಬೇಡ. ರೋಗಿಯನ್ನು ಕಳಿಸಿದ್ದಕ್ಕೆ ಹಣ ಕೊಡುವುದನ್ನು ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮ ನಿಷೇಧಿಸಿದೆ. ಜಾಹೀರಾತಿಗೂ ಅದೇ ನಿಯಮ: ಕ್ಲಿನಿಕ್ ತೆರೆದಿದ್ದೇನೆ, ವಿಳಾಸ ಬದಲಾಗಿದೆ ಎಂದು ಪತ್ರಿಕೆಯಲ್ಲಿ ತಿಳಿಸಬಹುದು; ‘ಮೊದಲ ನೂರು ಮನೆಗೆ ಅರ್ಧ ದರ’ ಎಂಬ ಫ್ಲೆಕ್ಸ್ ಕಟ್ಟಿದರೆ ದೂರು ಬರಲು ಹೆಚ್ಚು ದಿನ ಬೇಡ. ಮತ್ತೆ, ತುರ್ತು ಸ್ಥಿತಿಯಲ್ಲಿ ಬಂದವರಿಗೆ ಸದಸ್ಯರಲ್ಲವೆಂದು ಬಾಗಿಲು ಹಾಕುವಂತಿಲ್ಲ.