ಪ್ರತಿಕ್ರಿಯೆ: 1916ರ ನಕ್ಷೆಯಲ್ಲಿ ಫ್ರಾನ್ಸ್ ಪಾಲಿನಲ್ಲಿರುವ ಮೊಸುಲ್ ಇರಾಕಿಗೆ ಹೇಗೆ ಬಂತು?
ನಿಮ್ಮ ನಕ್ಷೆಯಲ್ಲಿ ತಪ್ಪಿರಲಾರದು. ಸೈಕ್ಸ್–ಪಿಕೋ ಹಂಚಿಕೆಯನ್ನೇ (ಒಟ್ಟೊಮನ್ ಸಾಮ್ರಾಜ್ಯದ ನಾಡುಗಳನ್ನು ಹಂಚಿಕೊಳ್ಳಲು ಬ್ರಿಟನ್, ಫ್ರಾನ್ಸ್ ಮಾಡಿಕೊಂಡ ಗುಟ್ಟಿನ ಒಪ್ಪಂದ) ಇಂದಿನ ಗಡಿ ಎಂದು ಓದಿದ್ದರಿಂದ ಗೊಂದಲವಾದಂತಿದೆ. ಪಾಠಕ್ಕೆ ಮೂರು ನಕ್ಷೆ ಮಾಡಿ, ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ.

ಮೊದಲನೆಯದು 1916ರ ಮೇ. ಲೆಬನಾನ್, ಸಿರಿಯಾ ಕರಾವಳಿ, ಕಿಲಿಕಿಯಾಗಳಿಗೆ (ಇಂದಿನ ತುರ್ಕಿಯ ದಕ್ಷಿಣ ಭಾಗ) ನೀಲಿ, ಅಂದರೆ ಫ್ರಾನ್ಸಿನ ನೇರ ಹಿಡಿತ. ಬಾಗ್ದಾದ್, ಬಸ್ರಾಗಳಿಗೆ ಕೆಂಪು, ಅಂದರೆ ಬ್ರಿಟನ್. ಪ್ಯಾಲೆಸ್ಟೈನಿಗೆ ಕಂದು, ಅಲ್ಲಿ ಅಂತರರಾಷ್ಟ್ರೀಯ ಆಡಳಿತ ಬರಬೇಕಿತ್ತು. ಹೈಫಾ, ಏಕರ್ ಬಂದರುಗಳು ಮಾತ್ರ ಬ್ರಿಟನ್ನಿಗೆ, ಕೆಂಪು ಚುಕ್ಕಿ ಇಡಿ. ಉಳಿದ ‘ಎ’ (ಫ್ರಾನ್ಸಿನ ಪ್ರಭಾವ), ‘ಬಿ’ (ಬ್ರಿಟನ್ನಿನ ಪ್ರಭಾವ) ವಲಯಗಳಿಗೆ ಗಟ್ಟಿ ಬಣ್ಣ ಬೇಡ, ಓರೆಗೆರೆ ಸಾಕು: ಕಾಗದದ ಮೇಲಾದರೂ ಅಲ್ಲಿ ಅರಬ್ ಆಡಳಿತ, ಯುರೋಪಿನದು ಬರೀ ಪ್ರಭಾವ. ದಮಾಸ್ಕಸ್, ಅಲೆಪ್ಪೊ ಜೊತೆ ಮೊಸುಲ್ ಫ್ರಾನ್ಸಿನ ‘ಎ’ಯಲ್ಲಿದೆ.

ಎರಡನೆಯದು 1918ರ ಡಿಸೆಂಬರ್. ಲಂಡನ್ನಿನಲ್ಲಿ ಬ್ರಿಟನ್ ಪ್ರಧಾನಿ ಲಾಯ್ಡ್ ಜಾರ್ಜ್ ಮೊಸುಲ್ ಮತ್ತು ಪ್ಯಾಲೆಸ್ಟೈನ್ ಕೇಳಿದರು, ಫ್ರಾನ್ಸ್ ಪ್ರಧಾನಿ ಕ್ಲೆಮಾನ್ಸೊ ಒಪ್ಪಿದರು. ಅಷ್ಟು ಹೊತ್ತಿಗೆ ಎರಡೂ ಕಡೆ ಬ್ರಿಟಿಷ್ ಸೇನೆಯೇ ಕೂತಿತ್ತು, ನಿರಾಕರಿಸಿ ಆಗುವುದೇನೂ ಇರಲಿಲ್ಲ. ಇದು ಬಾಯಿಮಾತಿನ ಒಪ್ಪಂದ; ಇದನ್ನು ‘ಸಂಧಿ’ ಎಂದು ಬರೆಯಬೇಡಿ.

ಮೂರನೆಯದಕ್ಕೆ 1926 ಎಂದು ಹಾಕಿ. 1920ರ ಏಪ್ರಿಲಿನ ಸಾನ್ ರೆಮೊ (ಇಟಲಿ) ಸಭೆಯಲ್ಲಿ ಇರಾಕ್, ಪ್ಯಾಲೆಸ್ಟೈನ್ ಮ್ಯಾಂಡೇಟ್ (ರಾಷ್ಟ್ರಸಂಘದ ಹೆಸರಿನಲ್ಲಿ ಆಳುವ ಅಧಿಕಾರ) ಬ್ರಿಟನ್ನಿಗೂ ಸಿರಿಯಾ, ಲೆಬನಾನ್ ಫ್ರಾನ್ಸಿಗೂ ಹೋದವು. ಮೊಸುಲ್ ಬಿಟ್ಟ ಫ್ರಾನ್ಸಿಗೆ ಅಲ್ಲಿನ ಎಣ್ಣೆಯಲ್ಲಿ ಶೇ 25ರ ಪಾಲು ಸಿಕ್ಕಿತು. ಮೊಸುಲ್ ತನ್ನದೆಂದು ತುರ್ಕಿಯೂ ಪಟ್ಟು ಹಿಡಿದಿದ್ದರಿಂದ ಅದು ಇರಾಕಿಗೇ ಎಂದು ಆ ಗಡಿ ಇತ್ಯರ್ಥವಾದದ್ದು 1926ರಲ್ಲೇ. ಇದರಲ್ಲಿ ಕಿಲಿಕಿಯಾದ ನೀಲಿ ಅಳಿಸಿ. 1921ರಲ್ಲೇ ಫ್ರಾನ್ಸ್ ಅದನ್ನು ತುರ್ಕಿಗೆ ಬಿಟ್ಟುಕೊಟ್ಟಿತ್ತು.